ಮಿಷನ್ನಿನ ಕಣ್ಣಿಗೆ ವಿಭೂತಿ

ನನ್ನ ಗಂಡ ಚನ್ನಬಸವಯ್ಯ ಜಯನಗರದ ಒಂದು ಆಸ್ಪತ್ರೆಯ ಔಷಧಿ ವಿಭಾಗದಲ್ಲಿದ್ದರು. ಬಂದ ಮಾತ್ರೆ ಡಬ್ಬಿ ಜೋಡಿಸುವ ಕೆಲಸ. ಬೇಗ ಅವಧಿ ಮುಗಿಯುವುದು ಮುಂದೆ, ಹೊಸದು ಹಿಂದೆ. ಸುದ್ದಗುಂಟೆಪಾಳ್ಯದ ನಮ್ಮ ಬಾಡಿಗೆ ಮನೆಯಲ್ಲೂ ಅದೇ ಚಾಳಿ. ಹೊಸ ಸೋಪನ್ನು ಹಳೆಯದರ ಹಿಂದೆ ಇಡಬೇಕು. ಇಲ್ಲದಿದ್ದರೆ ಜಗಳ.

ಎರಡು ಸಾವಿರದ ಏಳರಲ್ಲಿ ಅಲ್ಲಿಗೆ ಮಿಷನ್ ಬಂತು. ಬೀರುವಿನಷ್ಟು ದೊಡ್ಡದು. ನರ್ಸ್ ರೋಗಿಯ ಹೆಸರು ಒತ್ತಿದರೆ ಬೇಕಾದ ಡ್ರಾಯರ್ ಮಾತ್ರ ತೆರೆಯುತ್ತದಂತೆ. ಯಾವ ಔಷಧಿ ಎಷ್ಟು ಉಳಿದಿದೆ ಅಂತ ಅದೇ ಲೆಕ್ಕ ಇಡುತ್ತದಂತೆ. ಇವರಿಗೆ ಕೆಲಸ ಹೋಗುವ ಭಯ. ಫಾರ್ಮಸಿಸ್ಟ್ ವಾರಿಜಾ ಮೇಡಂ, "ಅದಕ್ಕೇನು ಕೈಯಿದ್ಯಾ ಅಯ್ಯನೋರೇ? ತುಂಬೋಕೆ ನೀವೇ ಬೇಕು" ಅಂದರು. ಆಮೇಲೆ ಮಿಷನ್ ಇವರದೇ ಆಯಿತು. ದಿನಾ ಬಟ್ಟೆಯಲ್ಲಿ ಒರೆಸುತ್ತಿದ್ದರು.

ಆ ವರ್ಷ ಆಯುಧಪೂಜೆಗೆ ಮಿಷನ್ನಿಗೆ ಸೇವಂತಿಗೆ ಹಾರ ಹಾಕಿ, ಮೂರು ಬೆರಳಲ್ಲಿ ವಿಭೂತಿ ಎಳೆದರು. ಧಾರಾಳವಾಗಿ. ಡಬ್ಬಿಯ ಮೇಲಿನ ಬಾರ್‌ಕೋಡ್ ಗೆರೆ ಓದುವ ಗಾಜು, ಮಿಷನ್ನಿನ ಕಣ್ಣು, ಅಲ್ಲೇ ಕೆಳಗಿತ್ತು. ವಿಭೂತಿ ನೀರು ಅದರ ಸಂದಿಗೆ ಇಳಿಯಿತು. ಸಂಜೆಗೆ ಮಿಷನ್ ನಿಂತುಬಿಟ್ಟಿತು. ಒಂದು ಡ್ರಾಯರೂ ತೆರೆಯಲಿಲ್ಲ. ವಾರ್ಡಿನವರು ಹೊರಗಿನ ಅಂಗಡಿಗೆ ಓಡಿದರು. ಯಾರಿಗೂ ಏನೂ ಆಗಲಿಲ್ಲ. ಆದರೂ ಇವರನ್ನು ಬಟ್ಟೆ ಒಗೆಯುವ ಕಡೆಗೆ ಹಾಕಿದರು.

ಅಲ್ಲಿಯ ಮುತ್ತುರಾಜ ನಗಾಡಿದ. "ಹಣೆಗೆ ಹಚ್ಚೋದು ಬಿಟ್ಟು ಕಣ್ಣಿಗೆ ಹಚ್ಚಿದ್ರಲ್ಲ ಯಜಮಾನ್ರೇ!"

ಎಲ್ಲರೂ ನಕ್ಕರಂತೆ. ಇವರೂ ನಕ್ಕರಂತೆ. ಮಾರನೆಯ ದಿನ ಸ್ನಾನ ಮಾಡಿ ಬರಿ ಹಣೆಯಲ್ಲಿ ಹೊರಟರು.

"ರೀ, ವಿಭೂತಿ?" ಅಂದೆ.

"ಔಷಧಿ ಕಡೆ ವಾಪಸ್ ಕರೀಲಿ. ಆಮೇಲೆ ಹಚ್ಕೋತೀನಿ."

ಕರೆಯಲಿಲ್ಲ. ವಾರಿಜಾ ಮೇಡಂ ಕೇಳಿ ನೋಡಿದರು, ಮೇಲಿನವರು ಒಪ್ಪಲಿಲ್ಲ. ಇವರು ಪೂಜೆಗೆ ಕೂತಾಗಲೂ ಹಚ್ಚಲಿಲ್ಲ. ನಾನು ಬೈದು ನೋಡಿದೆ, ಅತ್ತು ನೋಡಿದೆ. ಕೇಳಲಿಲ್ಲ.

ಮರುವರ್ಷ ಲಿವರ್ ಕೆಟ್ಟಿತು. ಕುಡಿದವರಲ್ಲ. ಅದೇ ಆಸ್ಪತ್ರೆಯಲ್ಲಿ ಮಲಗಿದರು. ನರ್ಸ್ ಮಾತ್ರೆ ತಂದಾಗೆಲ್ಲ, "ಸಿಸ್ಟರ್, ಹೊಸದು ಹಿಂದೆ ಹಾಕ್ತಿದ್ದಾರಾ?" ಅಂತ ಕೇಳುತ್ತಿದ್ದರು.

"ಮೊದ್ಲು ನುಂಗಿ ಅಯ್ಯನೋರೇ. ನಿಮ್ಮ ಮಿಷನ್ನೇ ಕೊಟ್ಟಿರೋದು."

ನುಂಗುತ್ತಿದ್ದರು. ಒಂದು ಬೆಳಿಗ್ಗೆ ಅದೂ ಆಗಲಿಲ್ಲ. ಹೋಗಿಬಿಟ್ಟರು.

ಮನೆಗೆ ತಂದಾಗ ಹಣೆ ಬರಿದಾಗಿತ್ತು. ನಮ್ಮಲ್ಲಿ ವಿಭೂತಿ ಹಚ್ಚಿ ಕಳಿಸಬೇಕು. ನೆಂಟರು ಅವಸರ ಮಾಡುತ್ತಿದ್ದರು. ನಾನು ವಿಭೂತಿ ಗಟ್ಟಿಯನ್ನು ನೀರಲ್ಲಿ ತೇದೆ. ಒಂದು ಕೈಯನ್ನು ಅವರ ಕಣ್ಣಿನ ಮೇಲೆ ಅಡ್ಡ ಹಿಡಿದು, ಇನ್ನೊಂದರಲ್ಲಿ ನಿಧಾನವಾಗಿ ಹಚ್ಚಿದೆ. ಒಂದು ಹನಿಯೂ ಕೆಳಗಿಳಿಯಲು ಬಿಡಲಿಲ್ಲ.