ಕಲಕದೆ ಕಾಯಿಸಿದ ಅಂಬಲಿ

ನಾನು ಓದುತ್ತಿರುವುದು ಏನೆಂದು ಅವ್ವ ಯಾರಿಗಾದರೂ ಒಂದು ಮಾತಿನಲ್ಲಿ ಹೇಳುವುದನ್ನು ಕೇಳಬೇಕೆಂಬ ಆಸೆ ನನಗೆ ಬಹಳ ಕಾಲದಿಂದ ಇತ್ತು. ನ್ಯೂಟನ್ನನ ನಿಯಮಕ್ಕೆ ಒಗ್ಗದ ನ್ಯಾನೊದ್ರವಗಳಲ್ಲಿ ಸಹಜ ಸಂವಹನದಿಂದ ಶಾಖ ಸಾಗುವ ಬಗೆ ಎಂಬುದು ನನ್ನ ಸಂಶೋಧನೆಯ ವಿಷಯ. ಅಷ್ಟನ್ನು ಹೇಳಲು ನನಗೇ ಉಸಿರು ಸಾಲದು. ಎಲ್ಲಿ ತಪ್ಪೀತೋ ಎಂಬ ಅಳುಕು ಬೇರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಅವ್ವ ಕೇಳಿದವರಿಗೆಲ್ಲ "ದೊಡ್ಡ ಓದು" ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದಳು.

ಹೋದ ಬೇಸಿಗೆಯಲ್ಲಿ ನಮ್ಮೂರು ಸಿಂಗಟಗೆರೆಗೆ ಬಂದಾಗ ಒಲೆಯ ಮೇಲೆ ರಾಗಿ ಅಂಬಲಿ ಇತ್ತು.

"ಅವ್ವ, ಇವತ್ತು ಕಲಕ್ಬೇಡ, ಸುಮ್ನೆ ನೋಡು" ಎಂದೆ.

ಬುಡದಲ್ಲಿ ಬಿಸಿಯಾದದ್ದು ಹಗುರಾಗಿ ಮೇಲೇರುತ್ತದೆ, ಮೇಲಿನದು ತಣಿದು ಇಳಿಯುತ್ತದೆ. ನೀರಿನಲ್ಲಿ ಇದು ಸರಾಗ. ಅಂಬಲಿಯಂಥದ್ದು ಕಲಕಿದರೆ ಸಡಿಲ, ಬಿಟ್ಟರೆ ಮಂದ. ಆ ಮಂದದಲ್ಲಿ ಶಾಖ ಹೇಗೆ ದಾರಿ ಮಾಡಿಕೊಳ್ಳುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಪುಡಿ ಬೆರೆಸಿದರೆ ಏನಾಗುತ್ತದೆ ಎಂದೆಲ್ಲ ವಿವರಿಸಿದೆ.

"ಅಂಬ್ಲಿಗೆ ಕಬ್ಣದ ಪುಡಿ ಹಾಕ್ತೀರೇನೇ?"

"ಅಂಬ್ಲಿಗಲ್ಲ ಕಣವ್ವ, ಲ್ಯಾಬಲ್ಲಿ."

ಅವಳ ಕೈ ಮತ್ತೆ ಮತ್ತೆ ಕೋಲಿನತ್ತ ಹೋಗುತ್ತಿತ್ತು, ನಾನು ಹಿಡಿದುಕೊಂಡೆ. ಮೇಲೆ ಒಂದು ಗುಳ್ಳೆ ಎದ್ದು ಒಡೆಯಿತು. ಅಷ್ಟರಲ್ಲಿ ಸೀದ ವಾಸನೆ.

"ತಳ ಹಿಡೀತು ಕಣೇ! ಇದುಕ್ಕೆ ನಿಂಗೆ ಡಾಕ್ಟ್ರು ಅಂತಾರಾ?" ಎಂದು ಅವ್ವ ನಕ್ಕಳು.

ಮಂದವಾದ್ದರಿಂದಲೇ ಬುಡದ ಶಾಖಕ್ಕೆ ಮೇಲೆ ಬರಲಾಗಲಿಲ್ಲ, ನಾನು ಓದುತ್ತಿರುವುದೂ ಅದನ್ನೇ ಎಂದು ಹೇಳಹೊರಟೆ. ಅವಳು ಆಗಲೇ ಸೀಯದ ಅಂಬಲಿಯನ್ನು ಬೇರೆ ಪಾತ್ರೆಗೆ ಬಗ್ಗಿಸುತ್ತಿದ್ದಳು.

ಮರುದಿನ ನನ್ನನ್ನು ಕಡೂರಿನ ಬಸ್ಸು ಹತ್ತಿಸಲು ಬಂದಳು. ತೆಂಗಿನಕಾಯಿ ಚೀಲದ ಮೇಲೆ ಕುಳಿತಿದ್ದ ಪಕ್ಕದ ಮನೆಯ ದೊಡ್ಡಮ್ಮ, "ಏನ್ ಓದ್ತಾಳೆ ಕಣೇ ನಿನ್ ಮಗ್ಳು, ಇನ್ನೂ ಮುಗೀಲಿಲ್ವಾ?" ಎಂದರು. ಉತ್ತರಕ್ಕಾಗಿ ನಾನು ಪದಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಅವ್ವನೇ ಹೇಳಿದಳು.

"ಯಾರೂ ಕಲಕ್ದಲೇ, ಬರೀ ಕಾವಿಗೇ, ಮಂದಾಗಿರೋದು ಹೆಂಗೆ ಓಡಾಡ್ತದೆ ಅಂತ."

"ಓಡಾಡ್ತದಾ?"

"ಒಂದೊಂದ್ಸಲ ಇಲ್ಲ."

ಹಾಗೆಂದು, ಸರಿಯೇ ಎಂದು ಕೇಳುವಂತೆ ನನ್ನತ್ತ ನೋಡಿದಳು. ನಾನು ತಲೆಯಾಡಿಸುವಷ್ಟರಲ್ಲಿ ಬಸ್ಸು ಬಂತು. ಕಿಟಕಿಯ ಬಳಿ ಕುಳಿತು ತಿರುಗಿದಾಗ ದೊಡ್ಡಮ್ಮ ಇನ್ನೂ ಏನನ್ನೋ ಕೇಳುತ್ತಿದ್ದರು. ಅವ್ವ ಎರಡೂ ಕೈಗಳನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ ವಿವರಿಸುತ್ತಿದ್ದಳು. ಇಂಜಿನ್ನಿನ ಸದ್ದಿನಲ್ಲಿ ಆ ಮಾತು ನನಗೆ ಕೇಳಿಸಲಿಲ್ಲ. ಅವತ್ತು ಏನು ಹೇಳಿದೆ ಎಂದು ಆಮೇಲೆ ಫೋನಿನಲ್ಲಿ ಅವ್ವನನ್ನು ಕೇಳಿದೆ. "ಏನ್ ಹೇಳಿದ್ನೋ, ಮರ್ತೋಯ್ತು" ಎಂದಳು.