ಸ್ಫಟಿಕದ ಗೋಲಕ್ಕೆ ಬಲಗಡೆ ಯಾವುದು?

ತದಡಿಯಿಂದ ಬೆಳಗಿನ ಬಸ್ಸಿಗೆ ಹೊರಟು ಕುಮಟೆಯಲ್ಲಿ ಇಳಿಯುವಷ್ಟರಲ್ಲೇ ಅಂಗಿ ಬೆನ್ನಿಗೆ ಅಂಟಿತ್ತು. ಜೊತೆಗಿದ್ದವಳು ಅಪ್ಪನ ಅಕ್ಕ, ಮೀನು ಮಾರುವ ನಾಗಮ್ಮತ್ತೆ. ಭಟ್ಕಳದ ಬಸ್ಸಿನಲ್ಲಿ ಅವಳಿಗೆ ಪುಕ್ಕಟೆ, ನನಗೆ ಟಿಕೆಟ್. ಗಂಡಾಗಿ ಹುಟ್ಟಿದ್ದಕ್ಕೆ ದಂಡ ಎಂದು ಕಂಡಕ್ಟರನ ಮೂಗಿನ ದನಿಯಲ್ಲೇ ಅಂದೆ. ಹಿಂದಿನ ಸೀಟಿನವರು ನಕ್ಕರು. ಕಂಡಕ್ಟರ್ ನನ್ನ ಚಿಲ್ಲರೆಯನ್ನು ಹೊನ್ನಾವರದವರೆಗೂ ಮರೆತ. ನಾನು ಎಲ್ಲರ ದನಿಯನ್ನೂ ಅಣಕಿಸುತ್ತೇನೆ. ನನ್ನದನ್ನು ಯಾರೂ ಅಣಕಿಸುವುದಿಲ್ಲ, ಒಮ್ಮೆ ಕೇಳಿದ್ದೇ ಅವರಿಗೆ ಸಾಕಾಗಿರುತ್ತದೆ.

ಹೊನ್ನಾವರದ ಸ್ಟ್ಯಾಂಡಿನಲ್ಲಿ ಬನ್ಸ್ ತಿಂದೆವು. ಅಲ್ಲಿನ ಆಸ್ಪತ್ರೆಯಲ್ಲೇ ಅತ್ತೆಯ ಕಣ್ಣಿಗೆ ಪೊರೆ ಬಂದಿದೆ, ಬೇಗ ಆಪರೇಷನ್ ಆಗಬೇಕು ಎಂದಿದ್ದರು. ಬಂಗಡೆ ಯಾವುದು, ತಾರ್ಲೆ ಯಾವುದು ಎಂದು ಅವಳೀಗ ಮೀನು ಮುಟ್ಟಿಯೇ ಹೇಳಬೇಕು. ಹೀಗೇ ಬಿಟ್ಟರೆ ವ್ಯಾಪಾರ ನಿಲ್ಲಿಸಿ ಬುಟ್ಟಿ ಇಳಿಸುವುದೇ. ಆದರೆ ಕಣ್ಣಿಗೆ ಕತ್ತಿ ತಾಗಿಸಲು ಹೆದರಿಕೆ. ಊರ ದೇವರ ಹತ್ತಿರ ಪ್ರಸಾದ ಕೇಳಿದ್ದಳು: ಮೂರ್ತಿಗೆ ಅಂಟಿಸಿದ ಹೂ ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಹೂ ಬೀಳಲೇ ಇಲ್ಲ. ಅಷ್ಟರಲ್ಲಿ ಭಟ್ಕಳದ ಲಾಡ್ಜಿನಲ್ಲಿ ಒಬ್ಬ ಗುರೂಜಿ ಸ್ಫಟಿಕದ ಗೋಲ ನೋಡಿ ಭವಿಷ್ಯ ಹೇಳುತ್ತಾನೆಂಬ ಸುದ್ದಿ ಬಂತು.

ಶರಾವತಿ ಸೇತುವೆ ದಾಟಿ, ಮಂಕಿ ದಾಟಿ, ಭಟ್ಕಳ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಲಾಡ್ಜಿನ ಮೆಟ್ಟಿಲವರೆಗೂ ಬಿರಿಯಾನಿ ಪರಿಮಳ. ನನ್ನ ಭವಿಷ್ಯ ನನಗೆ ಅಲ್ಲೇ ಕಂಡಿತು. ಅತ್ತೆ ಮಾತ್ರ ಮೇಲೆ ಎಳೆದೊಯ್ದಳು.

ಗುರೂಜಿ ಹುಬ್ಬಳ್ಳಿ ಕಡೆಯವರು, ರೇಷ್ಮೆ ಶಲ್ಯ. ಮುಂದೆ ಕಪ್ಪು ಬಟ್ಟೆಯ ಮೇಲೆ ತೆಂಗಿನಕಾಯಿ ಗಾತ್ರದ ಗೋಲ. ಅತ್ತೆ ವಿಷಯ ಹೇಳಿದಳು. ಅವರು ಕಣ್ಣು ಕಿರಿದು ಮಾಡಿ ಗೋಲ ನೋಡಿ, ಬೆಳಕು ಕಾಣಾಕತ್ತೈತ್ರಿ ಅಂದರು.

"ಬಲಕ್ಕೋ, ಎಡಕ್ಕೋ?" ಅಂದಳು ಅತ್ತೆ.

ಈ ಪ್ರಶ್ನೆ ಅವರಿಗೆ ಹೊಸದು. ಸುಮ್ಮನೆ ಬಲಕ್ಕೆ ಅಂದರು.

"ಯಾರ ಬಲ? ನಿಮ್ದೋ, ನಂದೋ?"

ಇಬ್ಬರೂ ಎದುರುಬದುರು ಕೂತಿದ್ದರು. ಗುರೂಜಿ ಯೋಚಿಸಿ, ಗೋಲದ್ದೇ ಬಲ ಅಂದರು.

"ದೇವ್ರಿಗಾದ್ರೆ ಮುಖ ಅದೆ, ಬಲ ಗೊತ್ತಾಗ್ತದೆ. ನಿಮ್ಮ ಗೋಲಿಗೆ ಮುಖ ಯಾವ ಬದಿಗೆ?"

ಗುರೂಜಿ ಗೋಲವನ್ನು ಸ್ವಲ್ಪ ತಿರುಗಿಸಿದರು. ಮತ್ತೆ ಹಿಂದಕ್ಕೆ ತಿರುಗಿಸಿದರು. ಈಗ ಇದ್ದಬದ್ದ ಬಲವೂ ಕಳೆದುಹೋಯಿತು. ಬೆವರು ಒರೆಸಿಕೊಂಡು, ನೀವೇ ನೋಡಿಕೊಳ್ಳಿ ಅಮ್ಮಾರೆ ಎಂದು ಅವಳ ಕೈಗೇ ಕೊಟ್ಟರು.

ಅತ್ತೆ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ಬರೀ ಮಂಜು ಅಂದಳು. ಅದು ಮನಸ್ಸಿನ ಗೊಂದಲ ಎಂದರು ಗುರೂಜಿ. ಅತ್ತೆ ಗೋಲವನ್ನು ನನಗೆ ದಾಟಿಸಿದಳು. ಎಲ್ಲ ಸ್ಪಷ್ಟ: ಫ್ಯಾನು ನೆಲದಲ್ಲಿ, ದೀಪ ತಲೆಕೆಳಗೆ, ಗುರೂಜಿಯೂ ತಲೆಕೆಳಗೆ. ಹಾಗೆ ನೋಡಿದರೆ ಅವರು ಇನ್ನೂ ಸ್ವಲ್ಪ ಚೆಂದವೇ. ಕಂಡಿದ್ದನ್ನೆಲ್ಲ ಹೇಳಿದೆ.

ಅತ್ತೆ ನನ್ನ ಮುಖದತ್ತ, ಅಂದರೆ ನನ್ನ ಕಿವಿಯತ್ತ, ನೋಡಿದಳು.

"ನಿನ್ನಂಥ ಪೆದ್ದಂಗೂ ಕಾಣ್ತದ್ಯಾ?"

ವಾಪಸು ಕುಮಟೆಯ ಬಸ್ಸು ಹತ್ತಿದೆವು. ಹೊನ್ನಾವರ ಬಂದದ್ದೇ ತಡ, ಅತ್ತೆ ಎದ್ದು ಇಳಿದಳು. ಕುಮಟೆ ಇನ್ನೂ ಮುಂದಿದೆ ಅತ್ತೆ ಎಂದು ನಾನು ಹಿಂದೆ ಓಡಿದೆ. ಅವಳು ನೆಟ್ಟಗೆ ಆಸ್ಪತ್ರೆಗೆ ನಡೆದು, ಆಪರೇಷನ್ನಿಗೆ ದಿನ ಕೊಡಿ ಎಂದಳು. ನರ್ಸ್ ಬುಧವಾರ ಬನ್ನಿ ಅಂದಳು. ಹೆದರಬೇಡಿ, ಆಮೇಲೆ ಟೀವಿ ಎಲ್ಲ ಚೆನ್ನಾಗಿ ಕಾಣ್ತದೆ ಎಂದು ಧೈರ್ಯವನ್ನೂ ಹೇಳಿದಳು.

"ಟೀವಿ ಇರ್ಲಿ," ಅಂದಳು ಅತ್ತೆ. "ಭಟ್ಕಳದಲ್ಲೊಬ್ಬ ಗೋಲಿ ಇಟ್ಕಂಡು ಕೂತಿದ್ದಾನೆ. ಅದ್ರೊಳಗೆ ಎಂತ ಅದೆ ಅಂತ ನಾನೇ ನೋಡ್ಬೇಕು."