ಒಂದು ಮೊಳದ ಆಚೆ

ಗೋಡೆಗೂ ಕಿವಿ ಇರುತ್ತದೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಬೈಲಹೊಂಗಲದ ನಮ್ಮ ಅಡುಗೆಮನೆಯ ಗೋಡೆಗೆ ಮಾತ್ರ ಬಾಯಿ ಇದೆ. ಒಲೆಯ ಪಕ್ಕದ ಮಣ್ಣಿನ ಗೋಡೆಯಲ್ಲಿ ದೀಪ ಇಡಲೆಂದು ಹಿರಿಯರು ಬಿಟ್ಟ ಗೂಡೊಂದಿದೆ. ನಮ್ಮ ಕಡೆ ಅದನ್ನು ಮಾಡ ಎನ್ನುತ್ತೇವೆ. ದೀಪದ ಆ ಜಾಗದಲ್ಲಿ ಮೊಬೈಲ್ ಫೋನನ್ನು ಪ್ರತಿಷ್ಠಾಪಿಸಿದವರು ನನ್ನ ಅತ್ತೆ. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ಸವದತ್ತಿಯಿಂದ ಬರುವ ಬಸ್ಸಿನಲ್ಲಿ ಯಾರೋ ಅವರಿಗೆ, ಫೋನಿನಿಂದ ಕಣ್ಣಿಗೆ ಕಾಣದ ಅಲೆಗಳು ಹೊರಟು ನೇರ ತಲೆಗೆ ನುಗ್ಗುತ್ತವೆ ಎಂದು ಹೇಳಿದ್ದರು. ಮನೆಗೆ ಬಂದವರೇ ಫೋನನ್ನು ತಾಮ್ರದ ಖಾಲಿ ಕೊಡದೊಳಗೆ ಇಳಿಸಿ, ಹಾವಾಡಿಗ ಬುಟ್ಟಿ ಮುಚ್ಚುವ ಹಾಗೆ ಮುಚ್ಚಳ ಮುಚ್ಚಿದರು. ಅಲೆಗಳು ಹೊರಗೆ ಬರಲಿಲ್ಲ, ನಿಜ. ಕರೆಗಳೂ ಒಳಗೆ ಹೋಗಲಿಲ್ಲ. ರಾಮದುರ್ಗದ ಹತ್ತಿರದ ಸಾಲಹಳ್ಳಿಗೆ ಕೊಟ್ಟಿದ್ದ ಮಗಳು, ನನ್ನ ನಾದಿನಿ ಕಸ್ತೂರಿ, ಮರುದಿನ ಬೆಳಗಿನ ಬಸ್ಸಿಗೇ ಅಳುತ್ತ ಬಂದಿಳಿದಳು. ತಾಯಿ ಕಟ್ಟೆಯ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದರು.

"ಯವ್ವಾ, ಫೋನ್ ಹತ್ತವಲ್ದಂತ ನನ್ನ ಜೀವ ಹೋಗಿ ಬಂತು!"

"ಹೆಂಗ ಹತ್ತೀತು? ಕೊಡದಾಗ ಐತಿ."

"ಫೋನ್ ಏನು ಕುಡಿಯೂ ನೀರನ?"

ಅಂದೇ ಒಪ್ಪಂದವಾಯಿತು. ಫೋನು ಕೊಡದಿಂದ ಮಾಡಕ್ಕೆ ಬಂತು. ಯಾರೂ ಅದನ್ನು ಕಿವಿಗೆ ಹಚ್ಚುವಂತಿಲ್ಲ. ಹೂವಿನವಳು ಮಾಲೆ ಅಳೆಯುವ ಹಾಗೆ ಅತ್ತೆ ಮೊಳಕೈ ಚಾಚಿ ಅಳೆದರು. ಒಂದು ಮೊಳದ ಆಚೆಯಿಂದಲೇ ಮಾತು.

ನನ್ನ ಯಜಮಾನರು ತಿಳಿಸಿ ಹೇಳಲು ನೋಡಿದರು. "ಯವ್ವಾ, ಈ ಅಲೆಗೆ ಸರಕಾರದವರು ಮಿತಿ ಹಾಕ್ಯಾರ. ಮೈತೂಕದ ಒಂದು ಕಿಲೋಕ್ಕ ಒಂದೂವರಿ ವ್ಯಾಟಿಗಿಂತ ಚೂರು ಹೆಚ್ಚು, ಅಷ್ಟ. ನಮ್ಮ ಫೋನು ಅದರೊಳಗ ಐತಿ."

"ಕಿಲೋಕ್ಕ? ನನ್ನ ತಲಿ ಯಾವ ತಕ್ಕಡ್ಯಾಗ ಇಟ್ಟು ತೂಗ್ಯಾರೋ? ಅವರ ಮಿತಿ ಅವರಿಗೆ. ನನ್ನ ಮಿತಿ ಮೊಳ."

ಹತ್ತನೇ ಇಯತ್ತೆ ಪಾಸಾದ ವಿದುಷಿ ನಾನು. ಕುತೂಹಲಕ್ಕೆ ಒಂದಿಷ್ಟು ಓದಿಕೊಂಡೆ. ದೂರ ಹೆಚ್ಚಿದಂತೆ ಅಲೆಯ ಪ್ರಭಾವ ಕುಗ್ಗುತ್ತದಂತೆ, ಹಾಗಾಗಿ ಮೊಳದ ಲೆಕ್ಕ ತಪ್ಪಲ್ಲ. ಆದರೆ ಸಿಗ್ನಲ್ ಸಿಗದ ಕಡೆ ಫೋನು ಅಲೆಯನ್ನು ಇನ್ನಷ್ಟು ಜೋರು ಮಾಡುತ್ತದಂತೆ. ಆ ದಪ್ಪ ಗೋಡೆಯ ಮಾಡದೊಳಗೆ ನಮ್ಮ ಫೋನು ಎಷ್ಟು ಏದುಸಿರು ಬಿಡುತ್ತಿತ್ತೋ! ಸೊಸೆ ವಿಜ್ಞಾನ ಮಾತಾಡಬಾರದೆಂದು ಎಲ್ಲೂ ಬರೆದಿಲ್ಲ. ಆದರೂ ರೊಟ್ಟಿ ಬಡಿಯುವ ಹೊತ್ತಿನಲ್ಲಿ ಬೇಡವೆಂದು ಸುಮ್ಮನಾದೆ.

ಕಸ್ತೂರಿಯ ಕರೆ ಬರುತ್ತಿದ್ದದ್ದೂ ಸರಿಯಾಗಿ ಆ ಹೊತ್ತಿಗೇ. ಸ್ಪೀಕರ್ ಹಾಕಿ ಮಾಡದಲ್ಲಿಟ್ಟರೆ ಅವಳ ದನಿ ಗೋಡೆಯಿಂದಲೇ ಬಂದ ಹಾಗೆ. ಮಾಡದ ಗುಣವೋ ಅತ್ತೆಯ ಕಂಠದ ಗುಣವೋ, ಮಾತು ಓಣಿಗೆಲ್ಲ ಕೇಳಿಸುತ್ತಿತ್ತು. ಗೋಡೆಯಾಚೆಯ ಹಸೀನಾಬಿ ತಮ್ಮ ಒಲೆಯ ಮುಂದೆ ಕೂತೇ ನಮ್ಮ ಅಳಿಯನ ಯೋಗಕ್ಷೇಮ ವಿಚಾರಿಸುವರು. ಎದುರು ಮನೆಯವರು ಪಲ್ಯಕ್ಕೆ ಉಪ್ಪು ಹೆಚ್ಚಾಯಿತೇ ಎಂದು ಕೂಗಿ ಕೇಳುವರು. ಸಾಲಹಳ್ಳಿಯ ಗುಟ್ಟೊಂದೂ ನಮ್ಮ ಓಣಿಯಲ್ಲಿ ಗುಟ್ಟಾಗಿ ಉಳಿಯಲಿಲ್ಲ.

ಅತ್ತೆ ಹೋದ ಮೇಲೆ ಫೋನು ನನ್ನ ಕೈಗೆ ಬಂತು. ನಾನು ಮೊದಲೇ ಮಿತಭಾಷಿ. ಅದನ್ನು ಕಿವಿಗೊತ್ತಿಕೊಂಡು ಒಳಕೋಣೆಗೆ ಹೋಗಿ "ಹೂಂ, ಆರಾಮ" ಎನ್ನುತ್ತಿದ್ದೆ. ಕರೆಗಳು ಗಿಡ್ಡವಾದವು, ಆಮೇಲೆ ವಿರಳವಾದವು. ದುಃಖವೆಂದರೆ ಹೀಗೆಯೇ ಇರುತ್ತದೆ ಎಂದುಕೊಂಡಿದ್ದೆ. ಈಚೆಗೊಂದು ಸಂಜೆ ಕಸ್ತೂರಿ ಬಹಳ ತಡವರಿಸಿ ಅಂದಳು:

"ವೈನಿ, ಸಿಟ್ಟಾಗಬ್ಯಾಡ್ರಿ. ಅವ್ವ ಹೋದಮ್ಯಾಲ ಫೋನು ನಿಮಗಷ್ಟ ಹತ್ತತೈತಿ. ತವರಮನಿಗೆ ಹತ್ತವಲ್ದು."

ಎದ್ದು ಅಡುಗೆಮನೆಗೆ ಬಂದೆ, ಸ್ಪೀಕರ್ ಹಾಕಿ ಫೋನನ್ನು ಮಾಡದಲ್ಲಿಟ್ಟೆ, ಹಿಟ್ಟು ತೆಗೆದುಕೊಂಡು ರೊಟ್ಟಿ ಬಡಿಯತೊಡಗಿದೆ. ತುಸು ಹೊತ್ತಿಗೆ ಆ ಕಡೆಯಿಂದಲೂ ರೊಟ್ಟಿ ಬಡಿಯುವ ಪಟಪಟ ಸದ್ದು ಬಂತು.

"ಅಯ್ಯ, ಯಾರದು, ಕಸ್ತೂರಿಯೇನ?" ಗೋಡೆಯಾಚೆಯಿಂದ ಹಸೀನಾಬಿಯ ದನಿ. "ಎಲ್ಲಿ ಹಾಳಾಗಿ ಹೋಗಿದ್ದೆವ್ವಾ ಇಷ್ಟ ದಿನಾ?"

"ಕೊಡದಾಗ ಇದ್ನ್ರಿ, ಚಾಚಿ!" ಅಂದಳು ಕಸ್ತೂರಿ.

ಹಸೀನಾಬಿ ನಕ್ಕರು, ಎದುರು ಮನೆಯವರು ಏನಾಯಿತೆಂದು ಕೇಳುತ್ತ ಓಡಿಬಂದರು, ನಾನು ನಗುತ್ತಲೇ ಕಣ್ಣು ಒರೆಸಿಕೊಂಡು ಮುಖಕ್ಕೆಲ್ಲ ಹಿಟ್ಟು ಮಾಡಿಕೊಂಡೆ. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಆಗ ಯಾಕೋ ಫೋನಿನ ಕಡೆ ಮೊಳಕೈ ಚಾಚಿ ಅಳೆದು ನೋಡಿದೆ. ನನ್ನ ಕೈ ಅತ್ತೆಯದಕ್ಕಿಂತ ಉದ್ದ. ಅವರು ಮಣೆ ಹಾಕುತ್ತಿದ್ದ ಜಾಗದಲ್ಲಿ ಕೂತರೆ ಫೋನಿನ ದೂರ ನನ್ನ ಮೊಳಕ್ಕೆ ನಾಲ್ಕು ಬೆರಳು ಕಡಿಮೆ ಬೀಳುತ್ತಿತ್ತು. ಮಣೆಯನ್ನು ಅಷ್ಟು ಹಿಂದಕ್ಕೆ ಸರಿಸಿ ಕೂತು ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡೆ. ಗೋಡೆ ಮಾತಾಡುತ್ತಲೇ ಇತ್ತು.